ಮಂತ್ರಿಯಾಗದ ಶಾಸಕಿಯನ್ನು ಯಾಕೆ ನೆನೆಯುತ್ತಾರೆ?

ಪ್ರಶ್ನೆ: ನನ್ನ ಮಗಳು ಕೆನಡಾದ ಬರ್ನಬಿಯಲ್ಲಿದ್ದಾಳೆ. ಮೊಮ್ಮಗ ಐಸ್ ಸ್ಕೇಟಿಂಗ್‌ಗೆ ಹೋಗುವ ಕಟ್ಟಡಕ್ಕೆ ರೋಸ್ಮರಿ ಬ್ರೌನ್ ಎಂಬವರ ಹೆಸರಿದೆ. ಯಾರು ಅಂತ ಕೇಳಿದರೆ, ಆ ಪ್ರಾಂತ್ಯದ ಶಾಸಕಿಯಾಗಿದ್ದರು, ಮಾನವ ಹಕ್ಕುಗಳಿಗಾಗಿ ದುಡಿದರು ಎಂದಳು. ಆದರೆ ಅವರು ಒಮ್ಮೆಯೂ ಮಂತ್ರಿ ಆಗಲಿಲ್ಲವಂತೆ, ಪಕ್ಷದ ನಾಯಕತ್ವಕ್ಕೆ ನಿಂತು ಸೋತರಂತೆ. ಹಾಗಾದರೆ ಅವರು ನಿಜವಾಗಿ ಮಾಡಿದ್ದೇನು? ಮಂತ್ರಿಗಿರಿ ಇಲ್ಲದ ಶಾಸಕರಿಂದ ಏನಾದರೂ ಆಗುತ್ತದೆಯೇ? ಇನ್ನೊಂದು ವಿಷಯ. ಮಗಳ ಗೆಳತಿಗೆ ಅಲ್ಲಿ ಒಬ್ಬ ಮಾಲೀಕರು ಬಾಡಿಗೆಗೆ ಮನೆ ಕೊಡಲಿಲ್ಲ. ಮೈಬಣ್ಣವೇ ಕಾರಣ ಅಂತ ಅವಳ ಅನುಮಾನ. ಇಂಥದ್ದಕ್ಕೆ ಅಲ್ಲಿ ಕಾನೂನು ಇದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೇಡಂ, ಕೊನೆಯ ಪ್ರಶ್ನೆಗೆ ಮೊದಲು ಚಿಕ್ಕ ಉತ್ತರ ಕೊಡುತ್ತೇನೆ. ಹೌದು, ಕಾನೂನು ಇದೆ. ದೂರು ಕೊಡಬಹುದು. ವಿವರ ಕೊನೆಯಲ್ಲಿದೆ, ಮಗಳಿಗೆ ಓದಿ ಹೇಳಿ. ಆ ಕಾನೂನು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಕ್ಕೆ ಹೇಗೆ ಬಂತು, ಹತ್ತೇ ವರ್ಷದಲ್ಲಿ ಅದಕ್ಕೆ ಹೇಗೆ ಕುತ್ತು ಬಂತು ಅನ್ನುವುದನ್ನು ತಿಳಿದರೆ ರೋಸ್ಮರಿ ಬ್ರೌನ್ ಮಾಡಿದ್ದೇನು ಅನ್ನುವುದೂ ತಿಳಿಯುತ್ತದೆ.

ಅವರು ಹುಟ್ಟಿದ್ದು 1930ರ ಜೂನ್ 17ರಂದು, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬೆಳೆಸಿದ್ದು ಅಜ್ಜಿ ಮತ್ತು ಮನೆಯ ಹೆಂಗಸರು. ಆ ಮನೆಯಲ್ಲಿ ರಾಜಕೀಯದ ಮಾತು ಊಟದಷ್ಟೇ ಸಹಜವಾಗಿತ್ತು. ಜಮೈಕಾದಲ್ಲಿ ವಯಸ್ಕರೆಲ್ಲರಿಗೂ ಮತದ ಹಕ್ಕು ಬಂದದ್ದು 1944ರಲ್ಲಿ. ಆಗ ಅವರಿಗೆ 14 ವರ್ಷ. ಹೆಂಗಸರು ಸಭೆಗೆ ಹೋಗುವುದು, ಪ್ರಚಾರ ಮಾಡುವುದು, ವಾದ ಮಾಡುವುದು ಇದೆಲ್ಲ ಅವರಿಗೆ ಹೊಸದೇನಲ್ಲ. ಹೊಸದಾಗಿ ಕಂಡದ್ದು ಕೆನಡಾ.

1950ರ ಹೊತ್ತಿಗೆ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಓದಲು ಬಂದರು. ಹಾಸ್ಟೆಲ್‌ನಲ್ಲಿ ಅವರ ಜೊತೆ ಒಂದೇ ರೂಮಿನಲ್ಲಿರಲು ಯಾವ ಹುಡುಗಿಯೂ ಒಪ್ಪಲಿಲ್ಲ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಸುಮ್ನೆ ಅವರ ರೂಮಿಗೆ ಇನ್ನೊಬ್ಬರು ಬರಲಿಲ್ಲ, ಅಷ್ಟೆ. 1955ರಲ್ಲಿ ಮದುವೆ. ಗಂಡ ಬಿಲ್ ಬ್ರೌನ್ ಮುಂದೆ ಮನೋವೈದ್ಯರಾದರು. ಇಬ್ಬರೂ ಪಶ್ಚಿಮ ಕರಾವಳಿಯ ವ್ಯಾಂಕೂವರ್‌ಗೆ ಹೋದರು. ಅಲ್ಲಿ ಬಾಡಿಗೆ ಮನೆ ಹುಡುಕುವುದೇ ದೊಡ್ಡ ಕಷ್ಟವಾಯಿತು. ಡಿಗ್ರಿ ಇದ್ದರೂ ಕೆಲಸ ಸಿಗುವುದು ಕಷ್ಟವಾಯಿತು. ನಿಮ್ಮ ಮಗಳ ಗೆಳತಿಗೆ ಆದ ಅನುಮಾನ ಅವರಿಗೆ ಸುಮಾರು 70 ವರ್ಷದ ಹಿಂದೆ ಆಗಿತ್ತು. ಆಗ ಹೋಗಿ ಹೇಳಿಕೊಳ್ಳಲು ಜಾಗವೇ ಇರಲಿಲ್ಲ. ಈಗ ಇದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಮಾನವ ಹಕ್ಕುಗಳ ಆಯೋಗ ಅಂದ ಕೂಡಲೇ ನಮ್ಮ ಊರಿನಲ್ಲಿ ನೆನಪಾಗುವುದು ಪೊಲೀಸ್ ಠಾಣೆ, ಲಾಕಪ್, ಜೈಲು. ನಮ್ಮಲ್ಲಿ 1993ರ ಕಾಯ್ದೆಯ ಆಯೋಗಗಳು ಹೆಚ್ಚಾಗಿ ನೋಡುವುದು ಸರ್ಕಾರಿ ನೌಕರರ ತಪ್ಪನ್ನು. ಕೆನಡಾದ ಪ್ರಾಂತ್ಯಗಳ ಮಾನವ ಹಕ್ಕುಗಳ ಕಾಯ್ದೆ ನೋಡುವುದು ಮುಖ್ಯವಾಗಿ ಮನೆ ಮಾಲೀಕ, ಕೆಲಸ ಕೊಡುವವ, ಅಂಗಡಿಯವ, ಹೋಟೆಲ್‌ನವ ಇವರನ್ನು. ಬಣ್ಣ, ಧರ್ಮ, ಹೆಣ್ಣು ಗಂಡು ಎಂಬ ಕಾರಣಕ್ಕೆ ಮನೆ, ಕೆಲಸ, ಸೇವೆ ನಿರಾಕರಿಸಬಾರದು ಅನ್ನುವುದು ಅದರ ತಿರುಳು. ಅಲ್ಲಿ ಇದನ್ನು ಮೊದಲು ಒಂದೇ ಕಾಯ್ದೆಯ ಕೆಳಗೆ ತಂದದ್ದು ಒಂಟಾರಿಯೊ ಪ್ರಾಂತ್ಯ, 1962ರಲ್ಲಿ. ಬ್ರಿಟಿಷ್ ಕೊಲಂಬಿಯಾ 1969ರಲ್ಲಿ ಒಂದು ಕಾಯ್ದೆ ಮಾಡಿತು. ಆದರೆ ಅದಕ್ಕೆ ಹಲ್ಲು ಇರಲಿಲ್ಲ.

ಬ್ರೌನ್ ಮೊದಲು ಕೈಹಾಕಿದ್ದು ಈ ವಿಷಯಕ್ಕೇ. 1950ರ ದಶಕದ ಕೊನೆಯಲ್ಲಿ ಅಲ್ಲಿನ ಕಪ್ಪು ಜನರ ಸಂಘವೊಂದರಲ್ಲಿ ಸೇರಿ, ಮನೆ ಮತ್ತು ಕೆಲಸದ ವಿಷಯದಲ್ಲಿ ಕಾನೂನು ಬೇಕು ಅಂತ ಓಡಾಡಿದರು. ಜೊತೆಗೆ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಓದಿ, ಆ ವೃತ್ತಿಯಲ್ಲೇ ದುಡಿದರು. ಸಂಕಟದಲ್ಲಿರುವ ಮಕ್ಕಳು, ಒಡೆದ ಸಂಸಾರಗಳು, ಕಾಲೇಜಿನ ಹುಡುಗ ಹುಡುಗಿಯರು. ಇವರ ಮಾತು ಕೇಳಿಸಿಕೊಳ್ಳುವುದೇ ಅವರ ದಿನದ ಕೆಲಸ. 1970ರ ಕೊನೆಗೆ ಕೆನಡಾ ಸರ್ಕಾರ ನೇಮಿಸಿದ್ದ ಮಹಿಳೆಯರ ಸ್ಥಾನಮಾನದ ಆಯೋಗ 167 ಶಿಫಾರಸುಗಳ ವರದಿ ಕೊಟ್ಟಿತು. ಅದರ ಬೆನ್ನಿಗೇ 1971ರಲ್ಲಿ ವ್ಯಾಂಕೂವರ್‌ನ ಹೆಂಗಸರು ಒಂದು ಸಂಘಟನೆ ಕಟ್ಟಿದರು, ಆ ಶಿಫಾರಸುಗಳು ಕಪಾಟಿನಲ್ಲಿ ಧೂಳು ತಿನ್ನಬಾರದು ಅಂತ. ಬ್ರೌನ್ ಅದರ ಮೊದಲಿಗರಲ್ಲಿ ಒಬ್ಬರು. ಅಲ್ಲಿ ಅವರಿಗೆ ಸಿಕ್ಕ ಜವಾಬ್ದಾರಿ ದೂರು ಕೇಳುವುದು. ಸಂಬಳದಲ್ಲಿ ತಾರತಮ್ಯ ಆಯಿತು, ಕೆಲಸದಿಂದ ತೆಗೆದರು, ಗಂಡನ ಸಹಿ ಇಲ್ಲದೆ ಸಾಲ ಕೊಡಲಿಲ್ಲ, ಇಂಥದ್ದು ಆಗ ಹೆಂಗಸರ ದಿನನಿತ್ಯದ ಪಾಡು.

ವಿಧಾನಸಭೆಗೆ ಹೋಗುವ ಮೊದಲೇ ಅವರು ದೂರಿನ ಕಚೇರಿಯಲ್ಲಿ ಕೂತವರು. ದೂರು ಕೇಳುವವರು ಇದ್ದರೆ ಜನ ಬರುತ್ತಾರೆ, ಇಲ್ಲದಿದ್ದರೆ ನುಂಗಿಕೊಂಡು ಸುಮ್ಮನಿರುತ್ತಾರೆ ಅನ್ನುವುದನ್ನು ಕಣ್ಣಾರೆ ಕಂಡವರು. ಅವರ ಮುಂದಿನ ರಾಜಕೀಯವೆಲ್ಲ ಈ ಅನುಭವದಿಂದಲೇ ಬೆಳೆಯಿತು ಅಂತ ನಾನು ನಂಬಿದ್ದೇನೆ.

1972ರ ಆಗಸ್ಟ್ 30ರಂದು ಬ್ರಿಟಿಷ್ ಕೊಲಂಬಿಯಾದಲ್ಲಿ ಚುನಾವಣೆ. ಸೋಷಿಯಲ್ ಕ್ರೆಡಿಟ್ ಪಕ್ಷ 20 ವರ್ಷದಿಂದ ಅಧಿಕಾರದಲ್ಲಿತ್ತು. ಸರ್ಕಾರದ ಮುಖ್ಯಸ್ಥ ಡಬ್ಲ್ಯು. ಎ. ಸಿ. ಬೆನೆಟ್. ಎದುರಿಗೆ ಡೇವ್ ಬ್ಯಾರೆಟ್ ನಾಯಕತ್ವದ ನ್ಯೂ ಡೆಮಾಕ್ರಟಿಕ್ ಪಾರ್ಟಿ, ಅಂದರೆ ಎನ್‌ಡಿಪಿ. ಕಾರ್ಮಿಕ ಸಂಘಗಳ ಬೆಂಬಲದ ಸಮಾಜವಾದಿ ಒಲವಿನ ಪಕ್ಷ. ಹೆಂಗಸರೂ ಚುನಾವಣೆಗೆ ನಿಲ್ಲಬೇಕು ಅಂತ ಮಹಿಳಾ ಚಳವಳಿ ಒತ್ತಾಯ ಮಾಡುತ್ತಿದ್ದ ಕಾಲ ಅದು. ಬ್ರೌನ್ ವ್ಯಾಂಕೂವರ್-ಬರಾರ್ಡ್ ಕ್ಷೇತ್ರದಿಂದ ಎನ್‌ಡಿಪಿ ಅಭ್ಯರ್ಥಿಯಾದರು. ಅದು ಇಬ್ಬರು ಶಾಸಕರನ್ನು ಕಳಿಸುವ ಕ್ಷೇತ್ರ. ಅವರೂ ನಾರ್ಮನ್ ಲೆವಿಯೂ ಗೆದ್ದರು. 55 ಸ್ಥಾನಗಳಲ್ಲಿ ಎನ್‌ಡಿಪಿಗೆ 38 ಬಂತು. ಆ ಪ್ರಾಂತ್ಯದಲ್ಲಿ ಆ ಪಕ್ಷದ ಮೊದಲ ಸರ್ಕಾರ. ಕೆನಡಾದ ಯಾವುದೇ ಪ್ರಾಂತ್ಯದ ಶಾಸನಸಭೆಗೆ ಗೆದ್ದು ಬಂದ ಮೊದಲ ಕಪ್ಪು ಮಹಿಳೆ ರೋಸ್ಮರಿ ಬ್ರೌನ್.

ಇದನ್ನು ಜಾತಿ ಲೆಕ್ಕ, ವೋಟ್ ಬ್ಯಾಂಕ್ ಲೆಕ್ಕ ಹಾಕಿ ನೋಡಲು ಹೋದರೆ ಏನೂ ಸಿಗುವುದಿಲ್ಲ. ವ್ಯಾಂಕೂವರ್‌ನಲ್ಲಿ ಕಪ್ಪು ಜನ ಇದ್ದದ್ದೇ ಬಹಳ ಕಡಿಮೆ. ಅವರು ಒಟ್ಟಿಗೆ ಇದ್ದ ಒಂದೇ ಕೇರಿ ಹೋಗನ್ಸ್ ಆಲಿ. ಅದರ ಬಹುಭಾಗವನ್ನು ಮೇಲ್ಸೇತುವೆ ಕಟ್ಟುವ ನೆಪದಲ್ಲಿ ಅದೇ ವರ್ಷಗಳಲ್ಲಿ ಕೆಡವಿಹಾಕಿದ್ದರು. ಇನ್ನು ಆ ಪ್ರಾಂತ್ಯದ ಇತಿಹಾಸ ನಮ್ಮವರಿಗೂ ಗೊತ್ತಿರಬೇಕಾದದ್ದು. ಭಾರತ ಮೂಲದವರ ಮತದ ಹಕ್ಕನ್ನು ಅಲ್ಲಿ 1907ರಲ್ಲಿ ಕಿತ್ತುಕೊಂಡಿದ್ದರು. ಕೊಮಗಾತಾ ಮಾರು ಹಡಗನ್ನು 1914ರಲ್ಲಿ ತಡೆದು ವಾಪಸ್ ಕಳಿಸಿದ್ದು ಅದೇ ವ್ಯಾಂಕೂವರ್ ಬಂದರಿನಿಂದ. ಹಕ್ಕು ಮರಳಿದ್ದು 1947ರಲ್ಲಿ. ಅದಾಗಿ 25 ವರ್ಷಕ್ಕೆ, ಹೆಚ್ಚಾಗಿ ಬಿಳಿಯರೇ ಇದ್ದ ಕ್ಷೇತ್ರದಿಂದ ಒಬ್ಬ ಕಪ್ಪು ಮಹಿಳೆ ಗೆದ್ದರು. ಅದೇ ಚುನಾವಣೆಯಲ್ಲಿ ಗೆದ್ದ ಇನ್ನೊಬ್ಬ ಕಪ್ಪು ಶಾಸಕ ಎಮರಿ ಬಾರ್ನ್ಸ್, ಫುಟ್‌ಬಾಲ್ ಆಡಿ ಹೆಸರು ಮಾಡಿದವರು, 1994ರಲ್ಲಿ ಆ ಸಭೆಯ ಸ್ಪೀಕರ್ ಆದರು.

ಗೆದ್ದ ಮೇಲೆ ಮಂತ್ರಿ ಮಾಡಲಿಲ್ಲ. ಜೊತೆಯಲ್ಲಿ ಗೆದ್ದ ಲೆವಿಗೆ ಖಾತೆ ಸಿಕ್ಕಿತು, ಇವರಿಗೆ ಸಿಗಲಿಲ್ಲ. ಮಹಿಳೆಯರಿಗಾಗಿಯೇ ಒಂದು ಸಚಿವಾಲಯ ಮಾಡಿ ಅಂತ ಪಕ್ಷದ ಹೆಂಗಸರು ಸಮ್ಮೇಳನದಲ್ಲೇ ಪಟ್ಟುಹಿಡಿದರು. ಬ್ಯಾರೆಟ್ ಒಪ್ಪಲಿಲ್ಲ. ಮಂತ್ರಿ ಆಗದೇ ಇದ್ದದ್ದೇ ಒಳ್ಳೆಯದಾಯಿತು, ಬಾಯಿ ಬಿಚ್ಚಿ ಮಾತಾಡಲು ಅನುಕೂಲವಾಯಿತು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವರು ಮಂತ್ರಿ ಆಗಬೇಕಿತ್ತು. ಮಂತ್ರಿಯ ಕೈಯಲ್ಲಿ ಬಜೆಟ್ ಇರುತ್ತದೆ, ಸಿಬ್ಬಂದಿ ಇರುತ್ತಾರೆ, ಕಡತ ಇರುತ್ತದೆ. ಮಹಿಳೆಯರಿಗೆ ಒಂದು ಸಚಿವಾಲಯ ಆಗಲೇ ಆಗಿದ್ದರೆ ಎಷ್ಟೋ ಕೆಲಸ ವರ್ಷಗಟ್ಟಲೆ ಮುಂಚೆ ಆಗುತ್ತಿತ್ತು. ಆ ಸರ್ಕಾರ ಒಳ್ಳೆಯ ಕೆಲಸ ಬಹಳ ಮಾಡಿತು, ಇದೊಂದರಲ್ಲಿ ತಪ್ಪಿತು.

ಆದರೆ ಹಿಂದಿನ ಸಾಲಿನಲ್ಲಿ ಕೂತ ಶಾಸಕಿ ಏನು ಮಾಡಬಹುದು ಅನ್ನುವುದು ನಿಮ್ಮ ಪ್ರಶ್ನೆ ಅಲ್ವಾ? ಅವರು ಮಾಡಿದ್ದು ಇಷ್ಟು. ಹೊರಗಿನ ಚಳವಳಿಯ ಮಾತನ್ನು ಪಕ್ಷದ ಒಳಸಭೆಗೆ ತಂದರು, ಅಲ್ಲಿಂದ ಸದನಕ್ಕೆ ತಂದರು, ಸದನದಲ್ಲಿ ಏನಾಯಿತು ಅಂತ ವಾಪಸ್ ಹೋಗಿ ಚಳವಳಿಗೆ ಹೇಳಿದರು. ಶಾಲೆಯ ಪಠ್ಯಪುಸ್ತಕಗಳನ್ನೇ ತೆಗೆದುಕೊಳ್ಳಿ. ಅಪ್ಪ ಕೆಲಸಕ್ಕೆ ಹೋಗುತ್ತಾನೆ, ಅಮ್ಮ ಅಡುಗೆ ಮಾಡುತ್ತಾಳೆ, ಹುಡುಗ ಮರ ಹತ್ತುತ್ತಾನೆ, ಹುಡುಗಿ ನೋಡುತ್ತಾ ನಿಲ್ಲುತ್ತಾಳೆ. ಇಂಥ ಪಾಠ ನಾವೂ ಓದಿ ಬೆಳೆದವರೇ. ಪಠ್ಯಪುಸ್ತಕದಲ್ಲಿ ಹೆಣ್ಣುಮಕ್ಕಳನ್ನು ಕೀಳು ಮಾಡುವ ಪಾಠಗಳನ್ನು ಹುಡುಕಿ ತೆಗೆಯಲು ಒಂದು ಸಮಿತಿ ಬರುವಂತೆ ಅವರು ಬೆನ್ನುಹತ್ತಿ ಮಾಡಿಸಿದರು. ಕುಟುಂಬ ಮತ್ತು ಮಕ್ಕಳ ಕಾನೂನನ್ನು ಪರಿಶೀಲಿಸಲು ನ್ಯಾಯಮೂರ್ತಿ ಥಾಮಸ್ ಬರ್ಜರ್ ಅಧ್ಯಕ್ಷತೆಯ ಆಯೋಗ ಬಂದದ್ದರ ಹಿಂದೆಯೂ ಅವರ ಒತ್ತಾಯ ಇತ್ತು.

ಎಲ್ಲಕ್ಕಿಂತ ದೊಡ್ಡದು 1973ರ ಮಾನವ ಹಕ್ಕುಗಳ ಸಂಹಿತೆ. ಅದನ್ನು ಬ್ರೌನ್ ಒಬ್ಬರೇ ತಂದರು ಅಂತ ಹೇಳಿದರೆ ಸುಳ್ಳಾಗುತ್ತದೆ. ಮಂಡಿಸಿದ್ದು ಸರ್ಕಾರ, ಹೊಣೆ ಕಾರ್ಮಿಕ ಸಚಿವ ಬಿಲ್ ಕಿಂಗ್ ಅವರದು. ಆದರೆ ಇಂಥ ಕಾಯ್ದೆ ಬೇಕು ಅಂತ 15 ವರ್ಷದಿಂದ ಕೇಳುತ್ತಾ ಬಂದವರು ಆಗ ಸದನದ ಒಳಗೇ ಇದ್ದರು. ಹೆಣ್ಣು ಅನ್ನುವ ಕಾರಣಕ್ಕೆ, ಮದುವೆ ಆಗಿದೆ ಅಥವಾ ಆಗಿಲ್ಲ ಅನ್ನುವ ಕಾರಣಕ್ಕೆ ತಾರತಮ್ಯ ಮಾಡಬಾರದು ಅನ್ನುವ ರಕ್ಷಣೆಗೆ ಅವರು ಬಿಡದೆ ದನಿ ಎತ್ತಿದ್ದರು.

ಆ ಸಂಹಿತೆ ಹೇಗೆ ಕೆಲಸ ಮಾಡುತ್ತಿತ್ತು ಅಂತ ಸ್ವಲ್ಪ ಹತ್ತಿರದಿಂದ ನೋಡಿ. ನೀವು ಒಂದು ಮನೆ ನೋಡಲು ಹೋದಿರಿ ಅಂತಿಟ್ಟುಕೊಳ್ಳಿ. ಫೋನ್‌ನಲ್ಲಿ ಖಾಲಿ ಇದೆ ಅಂದಿದ್ದರು. ಬಾಗಿಲು ತೆರೆದು ನಿಮ್ಮ ಮುಖ ನೋಡಿ, ಈಗಷ್ಟೇ ಬೇರೆಯವರಿಗೆ ಕೊಟ್ಟೆವು ಅಂದರು. ಸಂಜೆ ನಿಮ್ಮ ಬಿಳಿಯ ಗೆಳತಿ ಫೋನ್ ಮಾಡಿದರೆ, ಬನ್ನಿ ನೋಡಿ ಅಂದರು. ಮೊದಲಾದರೆ ಇದನ್ನು ಯಾರಿಗೆ ಹೇಳುವುದು? ಹೊಸ ಸಂಹಿತೆ ಬಂದ ಮೇಲೆ ಮಾನವ ಹಕ್ಕುಗಳ ಶಾಖೆ ಎಂಬ ಒಂದು ಕಚೇರಿ ತೆರೆಯಿತು. ಕ್ಯಾಥ್ಲೀನ್ ರಫ್ ಅದರ ನಿರ್ದೇಶಕಿ. ನೀವು ಅಲ್ಲಿ ದೂರು ಬರೆಸಿದರೆ, ತನಿಖಾಧಿಕಾರಿ ಒಬ್ಬರು ಮಾಲೀಕನನ್ನು ಕಂಡು ವಿಚಾರಿಸುತ್ತಾರೆ. ಮೊದಲು ರಾಜಿಗೆ ಪ್ರಯತ್ನ. ಆಗದಿದ್ದರೆ ವಿಷಯ ಕಾರ್ಮಿಕ ಸಚಿವರಿಗೆ ಹೋಗುತ್ತದೆ, ಅವರು ವಿಚಾರಣಾ ಮಂಡಳಿ ನೇಮಿಸಬಹುದು. ಆ ಮಂಡಳಿ ಆದೇಶ ಕೊಡಬಹುದು, ಪರಿಹಾರ ಕೊಡಿಸಬಹುದು. ದೂರು ಕೊಟ್ಟವರು ವಕೀಲರನ್ನು ಹಿಡಿದು ಅಲೆಯಬೇಕಿಲ್ಲ. ಅಲೆಯುವ ಕೆಲಸ ಶಾಖೆಯ ಸಿಬ್ಬಂದಿಯದು.

ಇನ್ನೊಂದು ವಿಶೇಷ ಇತ್ತು. ಜನರಿಗೆ ತೆರೆದಿರುವ ಸೇವೆಯನ್ನು ಸರಿಯಾದ ಕಾರಣ ಇಲ್ಲದೆ ಯಾರಿಗೂ ನಿರಾಕರಿಸಬಾರದು ಅಂತ ಸಂಹಿತೆ ಹೇಳುತ್ತಿತ್ತು. ಬಣ್ಣ, ಧರ್ಮ ಅಂತ ಪಟ್ಟಿ ಮಾಡಿ ಅಲ್ಲಿಗೇ ನಿಲ್ಲಿಸಿರಲಿಲ್ಲ. ಹಾಗಾಗಿ ಪಟ್ಟಿಯಲ್ಲಿ ಇಲ್ಲದವರೂ ಬಂದು ಬಾಗಿಲು ತಟ್ಟಬಹುದಿತ್ತು. ಸಲಿಂಗಿಗಳ ಸಂಘವೊಂದು ಪತ್ರಿಕೆಯೊಂದು ತನ್ನ ಜಾಹೀರಾತು ನಿರಾಕರಿಸಿದ್ದಕ್ಕೆ ದೂರು ಕೊಟ್ಟು, ಅದು ಕೆನಡಾದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1979ರಲ್ಲಿ ಸಂಘ ಸೋತಿತು. ಆದರೂ ಸಲಿಂಗಿಗಳ ಹಕ್ಕಿನ ವಿಷಯ ಆ ನ್ಯಾಯಾಲಯ ತಲುಪಿದ್ದು ಅದೇ ಮೊದಲು, ಈ ಸಂಹಿತೆಯ ದಾರಿಯಲ್ಲೇ.

1975 ಬಂತು. ಎನ್‌ಡಿಪಿಯ ರಾಷ್ಟ್ರೀಯ ನಾಯಕತ್ವ ಖಾಲಿಯಾಯಿತು. ಪಕ್ಷದ ಸ್ತ್ರೀವಾದಿ ಹೆಂಗಸರು ಸೇರಿ, ಈ ಬಾರಿ ನಮ್ಮ ಕಡೆಯಿಂದ ಒಬ್ಬರು ನಿಲ್ಲಲೇಬೇಕು ಅಂತ ತೀರ್ಮಾನಿಸಿ ಬ್ರೌನ್ ಅವರನ್ನು ಒಪ್ಪಿಸಿದರು. ಮೊದಲ ಅವಧಿಯ ಶಾಸಕಿ. ದೇಶದ ಸಂಸತ್ತಿನಲ್ಲಿ ಕೂತವರಲ್ಲ. ಹಣ ಇಲ್ಲ. ಕೆನಡಾದಲ್ಲಿ ರಾಷ್ಟ್ರೀಯ ಪಕ್ಷವೊಂದರ ನಾಯಕತ್ವಕ್ಕೆ ಕಪ್ಪು ಮಹಿಳೆ ನಿಂತದ್ದು ಅದೇ ಮೊದಲು. ಜುಲೈನಲ್ಲಿ ವಿನಿಪೆಗ್‌ನಲ್ಲಿ ಸಮ್ಮೇಳನ. ಅಲ್ಲಿ ಒಬ್ಬರಿಗೆ ಅರ್ಧಕ್ಕಿಂತ ಜಾಸ್ತಿ ಮತ ಬರುವ ತನಕ ಸುತ್ತಿನ ಮೇಲೆ ಸುತ್ತು ಮತದಾನ. ಐದು ಜನ ಅಭ್ಯರ್ಥಿಗಳು. ಗೆಲ್ಲುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದ ಎಡ್ ಬ್ರಾಡ್‌ಬೆಂಟ್ ಮೊದಲ ಸುತ್ತಿನಲ್ಲೇ ಗೆಲ್ಲಲು ಆಗಲಿಲ್ಲ, ಎರಡನೆಯದರಲ್ಲೂ ಆಗಲಿಲ್ಲ. ನಾಲ್ಕನೇ ಸುತ್ತಿಗೆ ಉಳಿದದ್ದು ಇಬ್ಬರೇ, ಬ್ರಾಡ್‌ಬೆಂಟ್ ಮತ್ತು ಬ್ರೌನ್. ಕೊನೆಗೆ ಬ್ರೌನ್ ಅವರಿಗೆ 658 ಮತ, ಅಂದರೆ ನೂರಕ್ಕೆ ಸುಮಾರು 41.

ಇದನ್ನು ನೀವು ಸೋಲು ಅಂತ ಬರೆದಿದ್ದೀರಿ. ಲೆಕ್ಕದಲ್ಲಿ ಸೋಲೇ. ಆದರೆ ಆ ಸಭಾಂಗಣದಲ್ಲಿ ಕೂತಿದ್ದವರು ಯಾರು ಅಂತ ಯೋಚಿಸಿ. ಕಾರ್ಮಿಕ ಸಂಘಗಳ ಮುಖಂಡರು, ಹುಲ್ಲುಗಾವಲು ಪ್ರಾಂತ್ಯಗಳ ರೈತರು, ಹಳೆಯ ಸಮಾಜವಾದಿಗಳು. ಅವರಲ್ಲಿ ಹತ್ತಕ್ಕೆ ನಾಲ್ಕು ಜನ ಜಮೈಕಾದಿಂದ ಬಂದ ಹೆಂಗಸೇ ನಮ್ಮ ನಾಯಕಿ ಆಗಲಿ ಅಂದರು. ಆಮೇಲೆ ಆ ಪಕ್ಷ ಹೆಂಗಸರ ಪ್ರಶ್ನೆಯನ್ನು ತಳ್ಳಿಹಾಕಲು ಆಗಲಿಲ್ಲ. 1989ರಲ್ಲಿ ಅದೇ ಪಕ್ಷ ಆಡ್ರೆ ಮೆಕ್‌ಲಾಕ್ಲಿನ್ ಅವರನ್ನು ನಾಯಕಿಯಾಗಿ ಆರಿಸಿತು. ಆಗ ಎರಡನೇ ಸ್ಥಾನಕ್ಕೆ ಬಂದವರು ಇದೇ ಡೇವ್ ಬ್ಯಾರೆಟ್.

ಅದೇ 1975ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಎನ್‌ಡಿಪಿ ಅಧಿಕಾರ ಕಳೆದುಕೊಂಡಿತು. ಬ್ಯಾರೆಟ್ ತಮ್ಮ ಕ್ಷೇತ್ರದಲ್ಲೇ ಸೋತರು. ಬ್ರೌನ್ ಗೆದ್ದರು. ಮುಂದೆ ಕ್ಷೇತ್ರ ಮರುವಿಂಗಡಣೆಯಲ್ಲಿ ಅವರ ಕ್ಷೇತ್ರವೇ ಮಾಯವಾಯಿತು. ಅವರು ಪಕ್ಕದ ಬರ್ನಬಿ-ಎಡ್ಮಂಡ್ಸ್‌ಗೆ ಹೋಗಿ 1979ರಲ್ಲಿ ಗೆದ್ದರು, 1983ರಲ್ಲಿ ಮತ್ತೆ ಗೆದ್ದರು. ನಿಮ್ಮ ಮೊಮ್ಮಗ ಆಡುವ ಕಟ್ಟಡಕ್ಕೆ ಅವರ ಹೆಸರು ಬಂದದ್ದು ಈ ನಂಟಿನಿಂದ. 14 ವರ್ಷದ ಶಾಸಕ ಜೀವನದಲ್ಲಿ ಆಡಳಿತ ಪಕ್ಷದಲ್ಲಿ ಕೂತದ್ದು ಮೂರು ವರ್ಷ ಚಿಲ್ಲರೆ. ಉಳಿದದ್ದೆಲ್ಲ ವಿರೋಧ ಪಕ್ಷದ ಬೆಂಚು.

ಈಗ 1983. ಸರ್ಕಾರದ ಮುಖ್ಯಸ್ಥ ಸೋಷಿಯಲ್ ಕ್ರೆಡಿಟ್ ಪಕ್ಷದ ಬಿಲ್ ಬೆನೆಟ್, ಹಳೆಯ ಬೆನೆಟ್ ಅವರ ಮಗ. ಮೇ ತಿಂಗಳಲ್ಲಿ ಚುನಾವಣೆ ಗೆದ್ದು, ಜುಲೈ 7ರಂದು ಬಜೆಟ್ ಜೊತೆ ಒಂದೇ ದಿನ 26 ಮಸೂದೆಗಳನ್ನು ಸದನದ ಮೇಜಿನ ಮೇಲಿಟ್ಟರು. ಖರ್ಚು ಕಡಿತ ಅನ್ನುವುದು ಹೆಸರು. ಒಂದು ಮಸೂದೆ ಕಾರಣ ಕೊಡದೆ ಸರ್ಕಾರಿ ನೌಕರರನ್ನು ತೆಗೆಯಲು. ಇನ್ನೊಂದು ಬಾಡಿಗೆ ನಿಯಂತ್ರಣ ತೆಗೆಯಲು. ಮತ್ತೊಂದು 1973ರ ಸಂಹಿತೆಯನ್ನು ರದ್ದು ಮಾಡಿ, ಅದರಡಿ ಇದ್ದ ಮಾನವ ಹಕ್ಕುಗಳ ಆಯೋಗ ಮತ್ತು ಶಾಖೆ ಎರಡನ್ನೂ ಮುಚ್ಚಲು. ಮಸೂದೆ ಇನ್ನೂ ಪಾಸಾಗಿರಲಿಲ್ಲ, ಆಗಲೇ ಶಾಖೆಯ ಸಿಬ್ಬಂದಿಯನ್ನು ಮನೆಗೆ ಕಳಿಸಿದರು. ಕಾಯ್ದೆ ಪುಸ್ತಕದಲ್ಲಿ ಇನ್ನೂ ಇತ್ತು. ದೂರು ತಗೊಳ್ಳುವವರು ಇರಲಿಲ್ಲ. ಡಾಕ್ಟರು, ನರ್ಸು ಯಾರೂ ಇಲ್ಲದೆ ಬೋರ್ಡು ಮಾತ್ರ ಉಳಿದ ಆಸ್ಪತ್ರೆಯ ಹಾಗೆ.

ನನ್ನ ಮಟ್ಟಿಗೆ ಬ್ರೌನ್ ಅವರ ರಾಜಕೀಯ ಜೀವನದಲ್ಲಿ ಎಲ್ಲಕ್ಕಿಂತ ಮುಖ್ಯ ಘಟ್ಟ ಇದು. 1972ರ ಗೆಲುವಿಗಿಂತ, 1975ರ ಸ್ಪರ್ಧೆಗಿಂತ ಮುಖ್ಯ. ಹಕ್ಕು ಕೊಡುವ ಕಾಯ್ದೆ ಮಾಡುವಾಗ ಎಲ್ಲರೂ ಫೋಟೋಗೆ ನಿಲ್ಲುತ್ತಾರೆ. ಅದರ ಕಚೇರಿ ಮುಚ್ಚುವಾಗ ಎದ್ದು ನಿಂತು ಹೆಸರು ಹಿಡಿದು ಕೇಳುವವರು ಬೇಕು. ಎಷ್ಟು ಅಧಿಕಾರಿಗಳನ್ನು ತೆಗೆದಿರಿ, ಅವರ ಹತ್ತಿರ ಇದ್ದ ದೂರುಗಳು ಎಲ್ಲಿ ಹೋದವು, ನಾಳೆ ಒಬ್ಬಳು ಹೆಂಗಸು ಯಾವ ಬಾಗಿಲಿಗೆ ಹೋಗಬೇಕು, ಇವು ಕೇಳಬೇಕಾದ ಪ್ರಶ್ನೆಗಳು. ಮಂತ್ರಿ ಅಲ್ಲದ ಶಾಸಕರ ಕೈಲಿ ಆಗುವ ಕೆಲಸ ಇದೇ, ಮತ್ತು ಇದು ಸಣ್ಣ ಕೆಲಸ ಅಲ್ಲ.

ಸದನದಲ್ಲಿ ಎನ್‌ಡಿಪಿ ಇದ್ದದ್ದು 22 ಜನ, ಎದುರಿಗೆ 35. ಮತಕ್ಕೆ ಹಾಕಿದರೆ ಸೋಲು ಖಚಿತ. ಹಾಗಾಗಿ ಅವರು ಮಾಡಿದ್ದು ಮಾತಾಡುವುದು. ರಾತ್ರಿ ಇಡೀ ಕಲಾಪ ನಡೆಯಿತು. ಸರ್ಕಾರ ಮತ್ತೆ ಮತ್ತೆ ಚರ್ಚೆ ನಿಲ್ಲಿಸುವ ನಿರ್ಣಯ ತಂದಿತು. ಅಕ್ಟೋಬರ್‌ನಲ್ಲಿ ವಿರೋಧ ಪಕ್ಷದ ನಾಯಕ ಬ್ಯಾರೆಟ್ ಅವರನ್ನೇ ಸಿಬ್ಬಂದಿ ಹಿಡಿದೆಳೆದು ಸದನದಿಂದ ಹೊರಗೆ ಹಾಕಿದರು. ಹೊರಗೆ ಕಾರ್ಮಿಕ ಸಂಘಗಳು, ಮಹಿಳಾ ಗುಂಪುಗಳು, ಬಾಡಿಗೆದಾರರು, ಅಂಗವಿಕಲರು, ಚರ್ಚ್‌ನವರು ಒಂದಾಗಿ ಸಾಲಿಡಾರಿಟಿ ಚಳವಳಿ ಕಟ್ಟಿದರು. ಆಗಸ್ಟ್‌ನಲ್ಲಿ ವ್ಯಾಂಕೂವರ್‌ನ ಎಂಪೈರ್ ಸ್ಟೇಡಿಯಂನಲ್ಲಿ ಸುಮಾರು 40,000 ಜನ ಸೇರಿದರು. ಅಕ್ಟೋಬರ್ 15ರಂದು, ಆಳುವ ಪಕ್ಷದ ಸಮ್ಮೇಳನ ನಡೆಯುತ್ತಿದ್ದ ಹೋಟೆಲ್ ಮುಂದೆಯೇ ಸುಮಾರು 60,000 ಜನ ಮೆರವಣಿಗೆ ಹೋದರು. ಪ್ರಾಂತ್ಯವಿಡೀ ಮುಷ್ಕರ ಆಗುತ್ತದೆ ಅನ್ನುವಾಗ ನವೆಂಬರ್‌ನಲ್ಲಿ ಕೆಲೋನಾ ಎಂಬ ಊರಿನಲ್ಲಿ ಸರ್ಕಾರಕ್ಕೂ ಕಾರ್ಮಿಕ ಮುಖಂಡರಿಗೂ ಬಾಯಿಮಾತಿನ ಒಪ್ಪಂದವಾಯಿತು. ಒಟ್ಟಿಗೆ ಬೀದಿಗಿಳಿದಿದ್ದ ಎಷ್ಟೋ ಗುಂಪುಗಳಿಗೆ, ಮುಖ್ಯವಾಗಿ ಹೆಂಗಸರಿಗೆ ಮತ್ತು ಬಾಡಿಗೆದಾರರಿಗೆ, ನಮ್ಮನ್ನು ಕೈಬಿಟ್ಟರು ಅನ್ನುವ ನೋವು ಉಳಿಯಿತು. ಆ ನೋವು ನ್ಯಾಯವಾದದ್ದೇ.

ಮಾನವ ಹಕ್ಕುಗಳ ಮಸೂದೆ 1983ರಲ್ಲಿ ಪಾಸಾಗಲಿಲ್ಲ. ಸ್ವಲ್ಪ ತಿದ್ದಿ 1984ರಲ್ಲಿ ಮತ್ತೆ ತಂದು ಪಾಸು ಮಾಡಿದರು. ಆಯೋಗ, ಶಾಖೆ ಎರಡೂ ಹೋಗಿ ಒಂದು ಸಣ್ಣ ಪರಿಷತ್ತು ಬಂತು. ಸರಿಯಾದ ಕಾರಣ ಬೇಕು ಅನ್ನುವ ಆ ಅಗಲವಾದ ಬಾಗಿಲೂ ಮುಚ್ಚಿತು, ಪಟ್ಟಿಯಲ್ಲಿ ಇದ್ದವರಿಗೆ ಮಾತ್ರ ರಕ್ಷಣೆ ಅಂತಾಯಿತು. ಹೋರಾಟ ಪೂರ್ತಿ ಗೆಲ್ಲಲಿಲ್ಲ. ಆದರೆ ಮಾನವ ಹಕ್ಕುಗಳ ಕಾಯ್ದೆಯೇ ಇಲ್ಲದ ಪ್ರಾಂತ್ಯ ಆಗುವುದು ತಪ್ಪಿತು.

1986ರಲ್ಲಿ ಬ್ರೌನ್ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ ಕಲಿಸಿದರು. ಬಡ ದೇಶಗಳ ಮಹಿಳಾ ಗುಂಪುಗಳಿಗೆ ನೆರವಾಗುವ ಒಟ್ಟಾವಾದ ಮ್ಯಾಚ್ ಸಂಸ್ಥೆಯನ್ನು ನಡೆಸಿದರು. 1993ರಲ್ಲಿ ಒಂಟಾರಿಯೊ ಮಾನವ ಹಕ್ಕುಗಳ ಆಯೋಗದ ಮುಖ್ಯ ಆಯುಕ್ತರಾದರು. ಅಂದರೆ 1971ರಲ್ಲಿ ಎಲ್ಲಿ ಕೂತಿದ್ದರೋ ಅದೇ ಕೆಲಸ, ದೂರು ಕೇಳುವ ಕೆಲಸ, ಈ ಸಲ ಕಾನೂನಿನ ಬಲದ ಜೊತೆ. ಅಲ್ಲಿಯ ಕಷ್ಟ ಬೇರೆ. ದೂರುಗಳು ರಾಶಿ ಬಿದ್ದಿದ್ದವು, ಇತ್ಯರ್ಥಕ್ಕೆ ವರ್ಷಗಟ್ಟಲೆ ಹಿಡಿಯುತ್ತಿತ್ತು. 1995ರಲ್ಲಿ ಅಲ್ಲೂ ಸರ್ಕಾರ ಬದಲಾಯಿತು. ಉದ್ಯೋಗದಲ್ಲಿ ಸಮಪಾಲು ತರಲು ಮಾಡಿದ್ದ ಕಾಯ್ದೆಯನ್ನು ಹೊಸ ಸರ್ಕಾರ ಅದೇ ವರ್ಷ ರದ್ದು ಮಾಡಿತು. 1996ರಲ್ಲಿ ಅವರ ಅವಧಿ ಮುಗಿಯಿತು. ಅದೇ ವರ್ಷ ಆರ್ಡರ್ ಆಫ್ ಕೆನಡಾ ಗೌರವ ಬಂತು. 2009ರಲ್ಲಿ ಕೆನಡಾ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು. ಗೌರವಗಳ ಪಟ್ಟಿ ಇನ್ನೂ ಉದ್ದ ಇದೆ, ಬಿಡಿ.

ನಮ್ಮಲ್ಲಿ ಕೆಲವರು ಪದವಿ ಸಿಕ್ಕಿತು ಅಂದರೆ ಅಲ್ಲಿಗೆ ಎಲ್ಲ ಮುಗಿಯಿತು ಅನ್ನುವವರಿದ್ದಾರೆ. ಬ್ರೌನ್ ಯಾವಾಗಲೂ ಹೇಳುತ್ತಿದ್ದ ಮಾತಿನ ಸಾರ ಇದಕ್ಕೆ ತದ್ವಿರುದ್ಧ. ನಮ್ಮಲ್ಲಿ ಒಬ್ಬರೂ ಹಿಂದೆ ಉಳಿಯದೆ ಎಲ್ಲರೂ ಗುರಿ ಮುಟ್ಟುವ ತನಕ ಯಾರೂ ಗುರಿ ಮುಟ್ಟಿದ ಹಾಗಲ್ಲ ಅಂತ. ಮೊದಲ ಕಪ್ಪು ಮಹಿಳೆ ಅನ್ನುವ ಹೊಗಳಿಕೆಯಲ್ಲಿ ಅವರು ತೃಪ್ತಿ ಪಟ್ಟು ಕೂರಲಿಲ್ಲ.

ಅವರು ತೀರಿಕೊಂಡದ್ದು 2003ರ ಏಪ್ರಿಲ್ 26ರಂದು, ವ್ಯಾಂಕೂವರ್‌ನಲ್ಲಿ. ಅದಕ್ಕೆ ತಿಂಗಳಿಗೂ ಕಡಿಮೆ ಮುಂಚೆ, ಮಾರ್ಚ್ 31ರಂದು, ಬ್ರಿಟಿಷ್ ಕೊಲಂಬಿಯಾ ಮತ್ತೆ ಒಮ್ಮೆ ತನ್ನ ಮಾನವ ಹಕ್ಕುಗಳ ಆಯೋಗವನ್ನು ಮುಚ್ಚಿತ್ತು. 1990ರ ದಶಕದಲ್ಲಿ ಎನ್‌ಡಿಪಿ ಸರ್ಕಾರ ಮತ್ತೆ ಕಟ್ಟಿದ್ದ ಆಯೋಗ ಅದು. ದೂರುಗಳನ್ನು ತೀರ್ಮಾನಿಸುವ ನ್ಯಾಯಮಂಡಳಿ ಮಾತ್ರ ಉಳಿಯಿತು. ಜನರ ಪರವಾಗಿ ತನಿಖೆ ಮಾಡುವ, ತಿಳಿವಳಿಕೆ ಕೊಡುವ ಕಚೇರಿ ಹೋಯಿತು. 2018ರಲ್ಲಿ ಹೊಸ ಕಾಯ್ದೆ ಆಗಿ, 2019ರಲ್ಲಿ ಕಸಾರಿ ಗೋವೆಂದರ್ ಮಾನವ ಹಕ್ಕುಗಳ ಆಯುಕ್ತರಾಗಿ ಬಂದರು. ವ್ಯಕ್ತಿಗಳ ದೂರು ಈಗಲೂ ಹೋಗುವುದು ನ್ಯಾಯಮಂಡಳಿಗೇ. ಒಟ್ಟಿನಲ್ಲಿ ಒಂದೇ ಪ್ರಾಂತ್ಯದಲ್ಲಿ 50 ವರ್ಷದೊಳಗೆ ಈ ಕಚೇರಿ ಎರಡು ಸಲ ಮುಚ್ಚಿ ಎರಡು ಸಲ ಮತ್ತೆ ಎದ್ದಿತು. ಆಡಳಿತ ಯಾರ ಕೈಲಿದೆ ಅನ್ನುವುದರ ಮೇಲೆ ಅದರ ಆಯಸ್ಸು ನಿಂತಿತ್ತು.

ಇಂಥ ಕಚೇರಿ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮವರಿಗೇ ಸಂಬಂಧಪಟ್ಟ ಒಂದು ಉದಾಹರಣೆ ಕೊಡುತ್ತೇನೆ. 2023ರಲ್ಲಿ ಆ ನ್ಯಾಯಮಂಡಳಿ ಒಂದು ತೀರ್ಪು ಕೊಟ್ಟಿತು. ಪಂಜಾಬ್ ಮೂಲದ ದಲಿತ ಸಮುದಾಯದ ಒಬ್ಬ ವ್ಯಕ್ತಿಯನ್ನು ಜೊತೆಯಲ್ಲಿ ದುಡಿಯುವ ಪಂಜಾಬಿಗಳೇ ಜಾತಿ ಹೆಸರು ಹಿಡಿದು ಬೈದಿದ್ದರು. ಕಾಯ್ದೆಯ ಪಟ್ಟಿಯಲ್ಲಿ ಜಾತಿ ಎಂಬ ಪದ ಇಲ್ಲ. ಆದರೆ ವಂಶ, ಹುಟ್ಟಿದ ನಾಡು, ಧರ್ಮ ಇವೆಲ್ಲ ಇವೆ. ಜಾತಿನಿಂದನೆ ಈ ಕಾಯ್ದೆಯ ಅಡಿಯಲ್ಲಿ ತಾರತಮ್ಯವೇ ಅಂತ ನ್ಯಾಯಮಂಡಳಿ ಹೇಳಿತು, ಪರಿಹಾರ ಕೊಡಿಸಿತು. ಜಾತಿಯನ್ನು ಸೂಟ್‌ಕೇಸಿನಲ್ಲಿ ಹೊತ್ತುಕೊಂಡು ಹೋದ ನಮ್ಮವರೆಲ್ಲ ಓದಬೇಕಾದ ತೀರ್ಪು ಅದು.

ಇನ್ನು ನಿಮ್ಮ ಮಗಳ ಗೆಳತಿಯ ವಿಷಯ. ಅವರು ದೂರು ಕೊಡಬೇಕಾದದ್ದು ಬ್ರಿಟಿಷ್ ಕೊಲಂಬಿಯಾ ಮಾನವ ಹಕ್ಕುಗಳ ನ್ಯಾಯಮಂಡಳಿಗೆ, ನೇರವಾಗಿ. ವಕೀಲರು ಇರಲೇಬೇಕು ಅಂತಿಲ್ಲ. ಅವರ ಹತ್ತಿರ ಏನೇನಿದೆ ಅಂತ ಈಗಲೇ ಒಟ್ಟು ಮಾಡಿಟ್ಟುಕೊಳ್ಳಲಿ. ಜಾಹೀರಾತಿನ ಸ್ಕ್ರೀನ್‌ಶಾಟ್, ಮೆಸೇಜ್‌ಗಳು, ಫೋನ್ ಮಾಡಿದ ದಿನ ಮತ್ತು ಸಮಯ, ಮನೆ ನೋಡಲು ಹೋದಾಗ ಮಾಲೀಕರು ಆಡಿದ ಮಾತು, ಅದೇ ಮನೆಯ ಜಾಹೀರಾತು ಆಮೇಲೂ ಇತ್ತೇ ಅನ್ನುವುದು. ಒಂದು ವಿನಾಯಿತಿ ಇದೆ, ಅದನ್ನು ಮೊದಲು ನೋಡಬೇಕು. ಅಡುಗೆಮನೆ, ಬಚ್ಚಲು ಅಥವಾ ಮಲಗುವ ಜಾಗವನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುವ ರೂಮ್ ಆಗಿದ್ದರೆ ಬಾಡಿಗೆ ಕುರಿತ ಈ ನಿಯಮ ಅನ್ವಯಿಸುವುದಿಲ್ಲ. ಪ್ರತ್ಯೇಕ ಮನೆ ಅಥವಾ ಬೇಸ್‌ಮೆಂಟ್ ಸೂಟ್ ಆಗಿದ್ದರೆ ಅನ್ವಯಿಸುತ್ತದೆ. ಮತ್ತು ಘಟನೆ ನಡೆದು ಒಂದು ವರ್ಷದೊಳಗೆ ದೂರು ಕೊಡಬೇಕು. 2018ರ ತಿದ್ದುಪಡಿಗೆ ಮೊದಲು ಆರೇ ತಿಂಗಳು ಇತ್ತು. ತಡ ಮಾಡಬೇಡಿ ಅಂತ ಹೇಳಿ.